ಹಿಡಿಯೋದು ಕೈಯ ಕೆಲಸ ಅಲ್ಲ

(ನಮ್ಮ ಬಳಗದ ಹವ್ಯಾಸಿ ವಾದ್ಯಗಾರರ ಸಂಜೆಯಲ್ಲಿ, ಸನ್ನಿವೇಲ್‌ನಲ್ಲಿ, ಮಾಡಿದ ಭಾಷಣದ ಬರಹರೂಪ)

ಬಿಸಿಬೇಳೆಬಾತ್ ಊಟ ಆದ ಮೇಲೆ ಭಾಷಣಕ್ಕೆ ನಿಲ್ಲಿಸಿದ್ದಾರೆ. ನಿದ್ದೆ ಬಂದವರು ಧಾರಾಳವಾಗಿ ಮಲಗಬಹುದು, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ನಾನು ದೊಡ್ಡ ವಾದಕ ಅಲ್ಲ. ಫ್ರೀಮಾಂಟ್‌ನ ಒಂದು ಕಂಪನಿಯಲ್ಲಿ ಬೋರ್ಡ್ ಟೆಸ್ಟಿಂಗ್ ಕೆಲಸ. ರಾತ್ರಿ ಮಕ್ಕಳು ಮಲಗಿದ ಮೇಲೆ ಅರ್ಧ ಗಂಟೆ ಮ್ಯಾಂಡೊಲಿನ್. ಅಷ್ಟೇ ನನ್ನ ಸಂಗೀತ. ಆದರೆ ಈ ಅರ್ಧ ಗಂಟೆ ಒಂದು ಕಾಲದಲ್ಲಿ ನನ್ನ ಕೈ ತಪ್ಪಿ ಹೋಗಿತ್ತು. ಅದು ಹೇಗೆ ಹೋಯ್ತು, ಹೇಗೆ ವಾಪಸ್ ಬಂತು ಅನ್ನೋದನ್ನ ಹೇಳೋದಕ್ಕೆ ನಿಂತಿದ್ದೀನಿ. ಅದರ ಜೊತೆಗೆ ವಾದ್ಯಕ್ಕೆ ಹಾಕೋ ಸಣ್ಣಪುಟ್ಟ ಸಾಮಾನುಗಳ ವಿಷಯ: ಪಟ್ಟಿ, ಪಿಕ್, ತಂತಿ, ಕೈಯೊರಗು, ಇಂಥವು. ಯಾವುದು ನಿಜವಾಗಿ ಬೇಕು, ಯಾವುದು ಸುಮ್ಮನೆ ದುಡ್ಡಿಗೆ ದಂಡ ಅಂತ.

ನಮ್ಮಪ್ಪ ಹಾಸನದಲ್ಲಿ ಸ್ಕೂಲ್ ಮೇಷ್ಟ್ರು. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ಆರತಕ್ಷತೆ ಬಂತು ಅಂದ್ರೆ ಆರ್ಕೆಸ್ಟ್ರಾದಲ್ಲಿ ಮ್ಯಾಂಡೊಲಿನ್ ನುಡಿಸೋರು. ಆಗಿನ ಆರ್ಕೆಸ್ಟ್ರಾಗಳಲ್ಲಿ ಅಕಾರ್ಡಿಯನ್, ಬೊಂಗೊ, ಮ್ಯಾಂಡೊಲಿನ್ ಇದ್ದವು. ಕೀಬೋರ್ಡ್ ಬಂದ ಮೇಲೆ ಮೂರೂ ಮಾಯ ಆದವು. ಅಪ್ಪನದ್ದು ಬುರುಡೆ ಮ್ಯಾಂಡೊಲಿನ್. ಅಂದ್ರೆ ಹಿಂಭಾಗ ಸೋರೆಬುರುಡೆ ಹಾಗೆ ಉಬ್ಬಿರುತ್ತಲ್ಲ, ಇಟಲಿಯ ನೇಪಲ್ಸ್ ಮಾದರಿ, ಅದು. ಎಂಟು ತಂತಿ, ನಾಲ್ಕು ಜೋಡಿ. ಪಿಟೀಲಿನ ಹಾಗೆ ಶ್ರುತಿ. ಪಿಕ್ ಅಂತ ಅಂಗಡಿಯಿಂದ ತಂದದ್ದು ನಾನು ನೋಡಿಲ್ಲ. ತೆಂಗಿನ ಚಿಪ್ಪನ್ನ ಕಲ್ಲಿಗೆ ಉಜ್ಜಿ ಉಜ್ಜಿ ಅವರೇ ಮಾಡ್ಕೊಳ್ಳೋರು. ಸರೋದ್ ನುಡಿಸೋರ ಜವಾ ಕೂಡ ತೆಂಗಿನ ಚಿಪ್ಪಿಂದಲೇ ಮಾಡ್ತಾರೆ ಅಂತ ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು. ಅಪ್ಪನಿಗೆ ಯಾರು ಹೇಳಿದ್ರೋ!

ಅಪ್ಪ ಹೋದ ಮೇಲೆ ಅಮ್ಮ ಆ ವಾದ್ಯವನ್ನ ಅವರ ಪಂಚೆಯಲ್ಲೇ ಸುತ್ತಿ ಕೊಟ್ಟರು. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ತನಕ ತೊಡೆ ಮೇಲೆ ಇಟ್ಕೊಂಡು ಬಂದೆ. ಇಲ್ಲಿಗೆ ಬಂದು ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಕೈ ವಿಷಯ. ಆಗ ನಾನು ದಿನಕ್ಕೆ ಹತ್ತು ಗಂಟೆ ಕೀಬೋರ್ಡ್, ಮೌಸು, ಸಾಲ್ಡರಿಂಗ್ ಮಾಡ್ತಿದ್ದೆ. ರಾತ್ರಿ ಮ್ಯಾಂಡೊಲಿನ್. ಆರು ತಿಂಗಳಲ್ಲಿ ಎಡಗೈ ಹೆಬ್ಬೆರಳಿನ ಬುಡ ನೋವು, ಬಲಗೈ ಮುಂಗೈಯಿಂದ ಕಿರುಬೆರಳ ತನಕ ಜೋಮು. ಹಲ್ಲುಜ್ಜೋ ಬ್ರಷ್ ಹಿಡಿದರೂ ಜೋಮು ಹತ್ತೋದು. ಇಲ್ಲಿ ಕೂತಿರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಎಚ್-1ಬಿಯಲ್ಲಿ ಇರೋನಿಗೆ ಕೆಲಸ ಹೋದರೆ ಕೈಯಲ್ಲಿ ಇರೋದು 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಸಿಗಬೇಕು, ಇಲ್ಲಾಂದ್ರೆ ಗಂಟುಮೂಟೆ ಕಟ್ಟಬೇಕು. ಕೈ ಹೋದರೆ ಕೆಲಸ ಹೋಯ್ತು, ಕೆಲಸ ಹೋದರೆ ಎಲ್ಲಾ ಹೋಯ್ತು. ಹಾಗಂತ ಹೆದರಿ ನಾನು ಬಿಟ್ಟಿದ್ದು ಯಾವುದನ್ನ? ಕೆಲಸ ಬಿಡೋಕಾಗುತ್ತಾ? ಮ್ಯಾಂಡೊಲಿನ್ ಬಿಟ್ಟೆ. ಒಂದೂವರೆ ವರ್ಷ ಪೆಟ್ಟಿಗೆ ತೆಗೀಲಿಲ್ಲ.

ಕೊನೆಗೆ ಡಾಕ್ಟರ್ ಹತ್ರ ಹೋದೆ. ಅವರು ಫಿಸಿಯೋಥೆರಪಿಗೆ ಕಳಿಸಿದ್ರು. ಅಲ್ಲಿದ್ದ ಹೆಣ್ಣುಮಗಳು ಒಂದೇ ಪ್ರಶ್ನೆ ಕೇಳಿದ್ಲು: 'ಆ ವಾದ್ಯ ತಗೊಂಡು ಬಾ, ನನ್ನ ಮುಂದೆ ನುಡಿಸು, ಎರಡೇ ನಿಮಿಷ.' ನುಡಿಸಿದೆ. ನಿಲ್ಲಿಸಿದ ಮೇಲೆ ನನ್ನ ಬಲಗೈ ತಿರುಗಿಸಿ ತೋರಿಸಿದ್ಲು. ಮೊಳಕೈ ಕೆಳಗೆ ಅಡ್ಡಕ್ಕೆ ಕೆಂಪು ಗೆರೆ. ವಾದ್ಯದ ಅಂಚು ಒತ್ತಿದ ಗೆರೆ. ಆಮೇಲೆ ಎಡಗೈ ನೋಡು ಅಂದ್ಲು. 'ನೀನು ಈ ಕೈಯಲ್ಲಿ ಬೆರಳು ಒತ್ತೋದಕ್ಕಿಂತ ಹೆಚ್ಚು ಶಕ್ತಿ ವಾದ್ಯ ಜಾರದ ಹಾಗೆ ಹಿಡಿಯೋದಕ್ಕೆ ಹಾಕ್ತಾ ಇದ್ದೀಯ' ಅಂದ್ಲು.

ಆ ಮಾತೇ ಇವತ್ತಿನ ನನ್ನ ಭಾಷಣದ ತಿರುಳು. ಹಿಡಿಯೋದು ಕೈಯ ಕೆಲಸ ಅಲ್ಲ. ಎಡಗೈಗೆ ಒಂದು ಕೆಲಸ: ತಂತಿ ಒತ್ತೋದು. ಬಲಗೈಗೆ ಒಂದು ಕೆಲಸ: ತಂತಿ ಮೀಟೋದು. ವಾದ್ಯವನ್ನ ಹೊರೋದು, ಜಾರದಂತೆ ತಡೆಯೋದು, ಮೈಗೆ ಒತ್ತಿಕೊಳ್ಳೋದು ಇವೆಲ್ಲಾ ಬೇರೆ ಯಾರಾದ್ರೂ ಮಾಡಲಿ. ನಾನು ಹೇಳೋ ಒಂದೊಂದು ಸಾಮಾನೂ ಕೈಯಿಂದ ಒಂದೊಂದು ಹೊರೆ ಇಳಿಸೋದಕ್ಕೆ ಇರೋದು. ಹೊರೆ ಇಳಿದ್ರೆ ನಾದ ತಾನಾಗೇ ಚೆನ್ನಾಗಾಗುತ್ತೆ.

ಮೊದಲನೇದು ಪಟ್ಟಿ, ಅಂದ್ರೆ ಸ್ಟ್ರ್ಯಾಪ್. ಮ್ಯಾಂಡೊಲಿನ್ ಹೆಚ್ಚು ಕಮ್ಮಿ ಒಂದು ಕೆ.ಜಿ. ತೂಗುತ್ತೆ. ಇಷ್ಟು ಹಗುರ ವಾದ್ಯಕ್ಕೆ ಪಟ್ಟಿ ಯಾಕೆ ಅಂತ ನಾನೂ ಅಂದ್ಕೊಂಡಿದ್ದೆ. ಪ್ರಶ್ನೆ ತೂಕದ್ದಲ್ಲ, ಜಾರೋದರದ್ದು. ಒಂದು ಯುಗಾದಿ ಕಾರ್ಯಕ್ರಮದಲ್ಲಿ ರೇಷ್ಮೆ ಜುಬ್ಬಾ ಹಾಕ್ಕೊಂಡು ನುಡಿಸಕ್ಕೆ ಕೂತೆ. ಬುರುಡೆ ರೇಷ್ಮೆ ಮೇಲೆ ಸರ್ರನೆ ಜಾರಿ, ಚರಣ ಶುರು ಮಾಡೋ ಹೊತ್ತಿಗೆ ವಾದ್ಯ ಮೊಣಕಾಲ ಹತ್ರ ಇತ್ತು! ಮುಂದಿನ ಸಾಲಲ್ಲಿ ಕೂತಿದ್ದೋರು ಇವತ್ತಿಗೂ ನೆನಪು ಮಾಡ್ತಾರೆ. ಪಟ್ಟಿಯ ಒಂದು ತುದಿ ಕೆಳಗಿನ ಗುಂಡಿಗೆ, ಇನ್ನೊಂದು ತುದಿ ತಲೆಯ ಹತ್ರ ತಂತಿಗಳ ಕೆಳಗೆ ದಾರದಲ್ಲಿ ಕಟ್ಟಿ. ಒಂದೇ ಹೆಗಲಿಗೆ ನೇತು ಹಾಕೋದಕ್ಕಿಂತ ಬೆನ್ನ ಮೇಲೆ ಅಡ್ಡ ಹಾಕೋದು ಒಳ್ಳೇದು. ಕೂತು ನುಡಿಸುವಾಗಲೂ ಪಟ್ಟಿ ಇರಲಿ. ಸರಿಯಾಗಿದೆಯಾ ಅಂತ ನೋಡೋ ಪರೀಕ್ಷೆ ಸುಲಭ: ಎರಡೂ ಕೈ ಬಿಟ್ಟುಬಿಡಿ. ವಾದ್ಯ ಇದ್ದ ಜಾಗದಲ್ಲೇ ಇದ್ದರೆ ಪಟ್ಟಿ ಸರಿ ಇದೆ. ಬುರುಡೆ ಮ್ಯಾಂಡೊಲಿನ್ ಇರೋರು ತೊಡೆ ಮೇಲೆ ಒಂದು ತುಂಡು ಶ್ಯಾಮಿ ಚರ್ಮ, ಕಾರು ಒರೆಸ್ತೀವಲ್ಲ ಅದು, ಹಾಸಿಕೊಳ್ಳಿ. ಕಾಲ ಕೆಳಗೆ ಒಂದು ಸಣ್ಣ ಮಣೆ. ಯೂರೋಪಿನ ಹಳೇ ವಾದಕರು ಮಾಡ್ತಿದ್ದದ್ದೂ ಇದನ್ನೇ.

ಎರಡನೇದು ಕೈಯೊರಗು, ಆರ್ಮ್‌ರೆಸ್ಟ್. ಪಿಟೀಲಿಗೆ ಗದ್ದ ಇಡೋ ಮರದ ತುಂಡು ಇರುತ್ತಲ್ಲ, ಅದೇ ರೀತಿ ಹಿಡಿಕೆ ಹಾಕಿ ವಾದ್ಯದ ಅಂಚಿಗೆ ಬಿಗಿಯೋ ಒಂದು ಮರದ ಪಟ್ಟಿ. ಮುಂಗೈ ಅದರ ಮೇಲೆ ಒರಗುತ್ತೆ, ಚೂಪು ಅಂಚು ಚುಚ್ಚಲ್ಲ. ನನ್ನ ಕೆಂಪು ಗೆರೆ ಹೋಗಿದ್ದು ಇದರಿಂದಲೇ. ಜೊತೆಗೆ ಇನ್ನೊಂದು ಲಾಭ ಇದೆ. ಮ್ಯಾಂಡೊಲಿನ್‌ನ ಮುಖದ ಹಲಗೆ ನಡುಗಿದ್ರೇನೇ ನಾದ. ಅದರ ಮೇಲೆ ಮುಂಗೈ ಊರಿದ್ರೆ ತಮಟೆ ಮೇಲೆ ಅಂಗೈ ಇಟ್ಟ ಹಾಗೆ. ಕೈಯೊರಗು ಕೈಯನ್ನ ಹಲಗೆಯಿಂದ ಮೇಲಕ್ಕೆ ಎತ್ತುತ್ತೆ. ಕೊಳ್ಳೋ ಮೊದಲು ಪುಕ್ಕಟೆ ಉಪಾಯ ಮಾಡಿ ನೋಡಿ: ಹಳೇ ಕಾಲುಚೀಲದ ಮೂತಿ ಕತ್ತರಿಸಿ ಮುಂಗೈಗೆ ಏರಿಸಿಕೊಳ್ಳಿ. ಅರ್ಧ ನೋವು ಅದರಲ್ಲೇ ಹೋಗುತ್ತೆ, ಬೆವರೂ ವಾದ್ಯಕ್ಕೆ ತಾಗಲ್ಲ. ಒಂದು ಎಚ್ಚರಿಕೆ: ರಬ್ಬರ್ ಟ್ಯೂಬು, ಫೋಮು ಇಂಥದ್ದನ್ನ ವಾದ್ಯದ ಮೇಲೆ ಅಂಟಿಸಿ ದಿನಗಟ್ಟಲೆ ಬಿಡಬೇಡಿ. ಹಳೇ ಲ್ಯಾಕರ್ ಬಣ್ಣವನ್ನ ರಬ್ಬರ್ ತಿಂದುಹಾಕುತ್ತೆ.

ಮೂರನೇದು ಬೆನ್ನಿನ ವಿಷಯ. ನಂಬಿಕೆ ಬರದಿದ್ರೆ ಮನೆಗೆ ಹೋಗಿ ಒಂದು ಪ್ರಯೋಗ ಮಾಡಿ. ವಾದ್ಯವನ್ನ ಹೊಟ್ಟೆಗೆ ಗಟ್ಟಿಯಾಗಿ ಒತ್ತಿಕೊಂಡು ದಪ್ಪ ತಂತಿ ಮೀಟಿ. ಆಮೇಲೆ ವಾದ್ಯವನ್ನ ಎರಡು ಬೆರಳಷ್ಟು ಮುಂದಕ್ಕೆ ತಳ್ಳಿ, ಬೆನ್ನಿಗೆ ಏನೂ ತಾಗದ ಹಾಗೆ ಹಿಡಿದು, ಅದೇ ತಂತಿ ಮೀಟಿ. ಕಿವಿ ಇದ್ದವರಿಗೆಲ್ಲಾ ವ್ಯತ್ಯಾಸ ಕೇಳಿಸುತ್ತೆ. ಎರಡನೇ ಸಲ ನಾದ ಉದ್ದ ನಿಲ್ಲುತ್ತೆ, ಮಂದ್ರ ತುಂಬಿಕೊಳ್ಳುತ್ತೆ. ಯಾಕೆ ಅಂದ್ರೆ ಹಿಂದಿನ ಹಲಗೆಯೂ ನಡುಗುತ್ತೆ. ನಮ್ಮ ಹೊಟ್ಟೆ, ಅದೂ ನಲವತ್ತು ದಾಟಿದ ಮೇಲಿನ ಹೊಟ್ಟೆ, ಅದನ್ನ ಹೀರಿಬಿಡುತ್ತೆ! ಇದಕ್ಕೆ ಟೋನ್‌ಗಾರ್ಡ್ ಅಂತ ಒಂದು ಲೋಹದ ಚೌಕಟ್ಟು ಬರುತ್ತೆ. ಅದು ಅಂಚುಗಳನ್ನ ಮಾತ್ರ ಹಿಡ್ಕೊಂಡು ಬೆನ್ನ ಹಲಗೆಯನ್ನ ಮೈಯಿಂದ ದೂರ ಇಡುತ್ತೆ. ಒಳ್ಳೇ ಸಾಮಾನು, ಸ್ವಲ್ಪ ದುಬಾರಿ. ಚಪ್ಪಟೆ ಅಥವಾ ಸ್ವಲ್ಪ ಉಬ್ಬಿದ ಬೆನ್ನಿನ ವಾದ್ಯಕ್ಕೆ ಮಾತ್ರ ಸರಿ, ಬುರುಡೆಗೆ ಕೂರಲ್ಲ. ಕೊಳ್ಳಕ್ಕೆ ಆಗದಿದ್ರೆ ಕೂರೋ ರೀತಿ ಬದಲಾಯಿಸಿ: ಕುರ್ಚಿಯ ಅಂಚಿಗೆ ಬಂದು, ಬೆನ್ನು ನೆಟ್ಟಗೆ ಮಾಡಿ, ವಾದ್ಯವನ್ನ ಸ್ವಲ್ಪ ಓರೆ ಹಿಡೀರಿ. ಮುಕ್ಕಾಲು ಲಾಭ ಅದರಲ್ಲೇ ಸಿಗುತ್ತೆ.

ನಾಲ್ಕನೇದು ಪಿಕ್. ನಮ್ಮಲ್ಲಿ ಬಹಳ ಜನ ಗಿಟಾರಿನ ತೆಳು ಪಿಕ್ ಉಪಯೋಗಿಸ್ತಾರೆ. ತೆಳು ಪಿಕ್ ಬಾಗುತ್ತೆ. ಬಾಗಿದ್ದು ವಾಪಸ್ ಬರೋ ತನಕ ಕೈ ಕಾಯಬೇಕು, ಜೊತೆಗೆ 'ಟಿಕ್ ಟಿಕ್' ಸದ್ದು. ಜಾರುತ್ತೆ ಅಂತ ಗಟ್ಟಿ ಹಿಡೀತೀವಿ, ಗಟ್ಟಿ ಹಿಡಿದ್ರೆ ಮಣಿಕಟ್ಟು ಬಿಗಿಯುತ್ತೆ. ಅಲ್ಲಿಂದ ನೋವು ಶುರು. ಈ ವಿಷಯದಲ್ಲಿ ನಮ್ಮ ಬೇ ಏರಿಯಾದವರೇ ದಾರಿ ತೋರಿಸಿದ್ದಾರೆ. ಡೇವಿಡ್ ಗ್ರಿಸ್ಮನ್ ಅಂತ ಮ್ಯಾಂಡೊಲಿನ್ ವಾದಕ, ಎಷ್ಟೋ ವರ್ಷ ಇಲ್ಲೇ ಮರಿನ್ ಕೌಂಟಿಯಲ್ಲಿ ಇದ್ದೋರು. ಬ್ಲೂಗ್ರಾಸ್, ಜಾಝ್ ಎಲ್ಲಾ ಕಲಸಿ ತಮ್ಮದೇ ಒಂದು ಸಂಗೀತ ಮಾಡಿದ್ರು. ಅವರ ಕ್ವಿಂಟೆಟ್‌ನ ಮೊದಲ ರೆಕಾರ್ಡ್ ಬಂದಿದ್ದು 1977ರಲ್ಲಿ. ಜೆರ್ರಿ ಗಾರ್ಸಿಯಾ ಅವರಿಗೆ 'ಡಾಗ್' ಅಂತ ಅಡ್ಡಹೆಸರು ಇಟ್ಟಿದ್ರು. ಆ ಹೆಸರಲ್ಲೇ ಒಂದು ಪಿಕ್ ಬರುತ್ತೆ. ದಪ್ಪ, ಮೂರೂ ಮೂಲೆ ದುಂಡಗೆ. ಅಂಥ ಪಿಕ್ ಹಿಡಿದ್ರೆ ಟಿಕ್ ಸದ್ದು ಹೋಗಿ ನಾದ ದುಂಡಗಾಗುತ್ತೆ, ಸ್ವಲ್ಪ ಗಾಢ ಆಗುತ್ತೆ. 35 ಡಾಲರ್‌ಗೂ ಮೇಲೆ ಬೆಲೆಯ ಪಿಕ್‌ಗಳೂ ಇವೆ. ಮೊದಲು ಒಂದೆರಡು ಡಾಲರಿನ 1.5 ಮಿ.ಮೀ. ಪಿಕ್ ತಗೊಂಡು, ಅಂಚನ್ನ ಸಾವಿರ ನಂಬರಿನ ಮರಳು ಕಾಗದದಲ್ಲಿ ನುಣ್ಣಗೆ ಉಜ್ಜಿ ನೋಡಿ. ಹಿಡಿಯೋದು ಹೇಗೆ ಅಂದ್ರೆ, ಹಪ್ಪಳ ಹಿಡಿದ ಹಾಗೆ. ಬೀಳಬಾರದು, ಮುರೀಲೂಬಾರದು.

ನಾನು ಅಪ್ಪನ ಒಂದು ತೆಂಗಿನ ಚಿಪ್ಪಿನ ಪಿಕ್ಕನ್ನ ಅಳೆದು ನೋಡಿದೆ. ಎರಡು ಮಿಲಿಮೀಟರಿಗೆ ಸ್ವಲ್ಪ ಕಮ್ಮಿ ದಪ್ಪ, ಅಂಚು ದುಂಡಗೆ. ಹಾಸನದ ಮೇಷ್ಟ್ರು, ಕಲ್ಲು, ಚಿಪ್ಪು. ಮರಿನ್ ಕೌಂಟಿಯ ಡಾಗ್. ಇಬ್ಬರೂ ಒಂದೇ ಕಡೆಗೆ ಬಂದು ನಿಂತಿದ್ದಾರೆ.

ಐದನೇದು ತಂತಿ. ಇಲ್ಲೇ ನನ್ನ ತಪ್ಪಿನ ಕಥೆ ಬರೋದು. ಅಪ್ಪನ ವಾದ್ಯ ತಂದಾಗ ತಂತಿ ತುಕ್ಕು ಹಿಡಿದಿತ್ತು. ಅಂಗಡಿಗೆ ಹೋಗಿ 'ಮೀಡಿಯಂ' ಅಂತ ಬರೆದಿದ್ದ ತಂತಿ ತಂದೆ. ಮೀಡಿಯಂ ಅಂದ್ರೆ ಮಧ್ಯಮ, ಎಲ್ಲಕ್ಕೂ ಆಗುತ್ತೆ ಅಂದ್ಕೊಂಡೆ. ತೆಳು ತಂತಿ 0.011 ಇಂಚು, ದಪ್ಪದ್ದು 0.040 ಇಂಚು. ದಪ್ಪ ತಂತಿ ಹಾಕಿದ್ರೆ ನಾದ ಜೋರು ಅಂತ ಯಾರೋ ಹೇಳಿದ್ದೂ ಕಿವಿಯಲ್ಲಿತ್ತು. ಆ ತಂತಿಗಳು ಇರೋದು ಈಗಿನ ಉಬ್ಬು ಹಲಗೆಯ ಅಮೆರಿಕನ್ ಮ್ಯಾಂಡೊಲಿನ್‌ಗೆ. ಶ್ರುತಿಗೆ ಏರಿಸಿದಾಗ ಎಂಟೂ ಸೇರಿ 70 ಕೆ.ಜಿ.ಗೂ ಮೀರಿ ಎಳೆಯುತ್ತವೆ. ಒಬ್ಬ ದೊಡ್ಡ ಮನುಷ್ಯನ ತೂಕ! ತೆಳ್ಳಗಿನ ಹಲಗೆಯ ಹಳೇ ಬುರುಡೆ ಅದನ್ನ ಹೇಗೆ ತಡೀಬೇಕು? ಮೂರನೇ ವಾರ ಒಂದು ರಾತ್ರಿ 'ಟಪ್' ಅಂತ ಸದ್ದು ಕೇಳಿ ಎದ್ದು ಲೈಟ್ ಹಾಕಿದ್ರೆ, ಕುದುರೆ ಕೆಳಗಿನ ಹಲಗೆ ಒಳಕ್ಕೆ ಕುಸಿದು, ಉದ್ದಕ್ಕೆ ಸೀಳು ಬಿಟ್ಟಿತ್ತು. ನಲವತ್ತು ವರ್ಷ ಅಪ್ಪನ ಕೈಯಲ್ಲಿ ಇದ್ದದ್ದು ನನ್ನ ಕೈಯಲ್ಲಿ ಇಪ್ಪತ್ತು ದಿನ ಬಾಳಲಿಲ್ಲ. ಅವತ್ತು ಅಮ್ಮನಿಗೆ ಫೋನ್ ಮಾಡಿದಾಗ ಹೇಳಲಿಲ್ಲ. ಇವತ್ತಿನ ತನಕವೂ ಪೂರ್ತಿ ಹೇಳಿಲ್ಲ.

ರಿಪೇರಿ ಮಾಡೋ ಒಬ್ಬ ವಯಸ್ಸಾದವರು ಒಳಗಿಂದ ಸಣ್ಣ ಮರದ ತುಂಡು ಅಂಟಿಸಿ ಸೀಳು ಮುಚ್ಚಿಕೊಟ್ಟರು. ಈಗ ನುಡಿಯುತ್ತೆ, ಮೊದಲಿನ ಹಾಗೆ ಅಲ್ಲ. ಆದ್ದರಿಂದ ಕೈ ಮುಗಿದು ಹೇಳ್ತೀನಿ: ಊರಿಂದ ತಂದ ಹಳೇ ವಾದ್ಯ ಇದ್ರೆ ಅತಿ ತೆಳು ತಂತಿ, 'ಎಕ್ಸ್‌ಟ್ರಾ ಲೈಟ್' ಅಥವಾ 'ಅಲ್ಟ್ರಾ ಲೈಟ್' ಅಂತ ಬರೆದಿರೋದು, ಅದನ್ನೇ ಹಾಕಿ. ಅದಕ್ಕೂ ಮೊದಲು ಗೊತ್ತಿದ್ದವರಿಗೆ ತೋರಿಸಿ. ಪಾಲೋ ಆಲ್ಟೋದಲ್ಲಿ 1969ರಲ್ಲಿ ಶುರುವಾದ ಗ್ರಿಫನ್‌ನಂಥ ತಂತಿವಾದ್ಯದ ಅಂಗಡಿ ನಮ್ಮ ಹತ್ತಿರವೇ ಇದೆ. ಕೇಳೋದಕ್ಕೆ ನಾಚಿಕೆ ಬೇಡ. ನಾನು ನಾಚಿಕೊಂಡು ಕೆಟ್ಟೆ.

ಹೊಸ ವಾದ್ಯ ಇರೋರೂ ಕೈ ನೋವಿದ್ರೆ 0.010ರಿಂದ ಶುರುವಾಗೋ 'ಲೈಟ್' ತಂತಿಗೆ ಇಳೀರಿ. 10-15 ಡಾಲರ್ ಖರ್ಚು, ಬೆರಳಿಗೆ ಕೂಡಲೇ ಗೊತ್ತಾಗುತ್ತೆ. ಬೆರಳು ಸರಿಯುವಾಗ ಕಿರ್ ಅನ್ನೋದು ಬೇಡ ಅಂದ್ರೆ ಚಪ್ಪಟೆ ಸುತ್ತಿನ ತಂತಿ ಸಿಗುತ್ತೆ, ನುಣ್ಣಗಿರುತ್ತೆ, ಬೆಲೆ ಜಾಸ್ತಿ, ಬಹಳ ದಿನ ಬಾಳುತ್ತೆ. ತಂತಿ ಬದಲಾಯಿಸುವಾಗ ಎಂಟನ್ನೂ ಒಟ್ಟಿಗೆ ಬಿಚ್ಚಬೇಡಿ. ಮ್ಯಾಂಡೊಲಿನ್ ಕುದುರೆಯನ್ನ ಅಂಟಿಸಿರಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತೆ. ಒಂದೊಂದೇ ಬದಲಾಯಿಸಿ. ಹನ್ನೆರಡನೇ ಮನೆಯಲ್ಲಿ ತಂತಿ ಎರಡು ಮಿಲಿಮೀಟರಿಗಿಂತ ಎತ್ತರ ಇದ್ರೆ ಕುದುರೆ ಇಳಿಸಿಕೊಳ್ಳಿ. ನಿಜ ಹೇಳಬೇಕಂದ್ರೆ ಇದನ್ನ ಎಲ್ಲಕ್ಕೂ ಮೊದಲು ಮಾಡಬೇಕು. ತಂತಿ ಎತ್ತರ ಸರಿ ಇಲ್ಲದಿದ್ರೆ ಯಾವ ಸಾಮಾನು ಹಾಕಿದ್ರೂ ಪ್ರಯೋಜನ ಇಲ್ಲ.

ನಮ್ಮ ಕರ್ನಾಟಕ ಸಂಗೀತ ನುಡಿಸೋರಿಗೆ ಒಂದು ಮಾತು. ಜೋಡಿ ತಂತಿಯಲ್ಲಿ ಗಮಕ ಎಳೆಯೋದು ಕಷ್ಟ. ಎರಡೂ ತಂತಿ ಒಂದೇ ಸಮ ಎಳೆಯಲ್ಲ, ಅಪಸ್ವರ ಬರುತ್ತೆ, ಬೆರಳೂ ಕುಯ್ಯುತ್ತೆ. ಯು. ಶ್ರೀನಿವಾಸ್ ಏನು ಮಾಡಿದ್ರು? ಪಾಲಕೊಲ್ಲುವಿನಲ್ಲಿ 1969ರಲ್ಲಿ ಹುಟ್ಟಿದ ಹುಡುಗ, ಹತ್ತು ವರ್ಷ ತುಂಬೋ ಮೊದಲೇ ಕಚೇರಿ ಮಾಡಿದೋರು. ಎಲೆಕ್ಟ್ರಿಕ್ ಮ್ಯಾಂಡೊಲಿನ್ ತಗೊಂಡು, ಜೋಡಿ ತಂತಿ ತೆಗೆದು, ಒಂದೊಂದೇ ತಂತಿ ಮಾಡಿ, ಐದು ತಂತಿಯ ವಾದ್ಯ ಮಾಡ್ಕೊಂಡ್ರು. ಸ್ವರ ಉದ್ದ ನಿಲ್ಲಬೇಕು, ಗಮಕ ಬರಬೇಕು, ಅದಕ್ಕೆ. 'ಇದು ಪರದೇಶದ ವಾದ್ಯ, ಇದರಲ್ಲಿ ನಮ್ಮ ಸಂಗೀತ ಬರಲ್ಲ' ಅಂದವರೇ ಆಮೇಲೆ ಮುಂದಿನ ಸಾಲಲ್ಲಿ ಕೂತು ಕೇಳಿದ್ರು. 1998ರಲ್ಲಿ ಪದ್ಮಶ್ರೀ ಬಂತು. 2014ರಲ್ಲಿ, ಬರೀ 45 ವರ್ಷಕ್ಕೆ ಹೋಗಿಬಿಟ್ರು. ಅವರಿಂದ ನಾನು ಕಲಿತದ್ದು ಇಷ್ಟು: ವಾದ್ಯಕ್ಕೆ ಕೈಯನ್ನ ಬಗ್ಗಿಸಬೇಡಿ, ಕೈಗೆ ವಾದ್ಯವನ್ನ ಬಗ್ಗಿಸಿ.

ಉಳಿದ ಸಣ್ಣಪುಟ್ಟದ್ದನ್ನ ಬೇಗ ಹೇಳಿ ಮುಗಿಸ್ತೀನಿ. ತಲೆಗೆ ಸಿಕ್ಕಿಸೋ ಟ್ಯೂನರ್ ಒಂದು ಇರಲಿ. ಎಂಟು ತಂತಿ ಶ್ರುತಿ ಮಾಡೋದರಲ್ಲೇ ನಮ್ಮ ಅರ್ಧ ಗಂಟೆ ಮುಗಿದು ಹೋಗಬಾರದು. ಕುದುರೆ ಆಚೆಗಿನ ತಂತಿ ತುಂಡುಗಳು ಸುಮ್ಮನೆ ರಿಂಗಣಿಸ್ತವೆ. ಅಲ್ಲಿ ಜೋಡಿ ತಂತಿಗಳ ನಡುವೆ ಸಣ್ಣ ರಬ್ಬರ್ ಬಿಲ್ಲೆ ಸಿಕ್ಕಿಸಿ, ಇಲ್ಲಾ ಚರ್ಮದ ಷೂ ಲೇಸ್ ನೇಯ್ದುಬಿಡಿ. ನಾದ ಶುಭ್ರ ಆಗುತ್ತೆ. ಇದಕ್ಕೆ ಕಾಸೂ ಖರ್ಚಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಇರೋರು, ಪಕ್ಕದ ಮನೆಯವರು ಗೋಡೆ ಕುಟ್ಟೋ ಮೊದಲು, ಕುದುರೆ ಪಕ್ಕ ತಂತಿಗಳ ಕೆಳಗೆ ಒಂದು ತುಂಡು ಬಟ್ಟೆ ತುರುಕಿ ನುಡಿಸಿ. ಕಾರಿನಲ್ಲಿ ವಾದ್ಯ ಬಿಟ್ಟು ಹೋಗಬೇಡಿ. ಜುಲೈನಲ್ಲಿ ಲಿವರ್‌ಮೋರ್ ಬಿಸಿಲಿಗೆ ಕಾರಿನ ಒಳಗೆ ಗೋಂದು ಬಿಟ್ಟುಕೊಳ್ಳುತ್ತೆ. ಡೇಲಿ ಸಿಟಿ ಮಂಜಿನಲ್ಲಿ ಇರೋರಿಗೆ ಒಣಗೋ ಚಿಂತೆ ಕಮ್ಮಿ. ಒಳನಾಡಿನಲ್ಲಿ, ಚಳಿಗಾಲ ಹೀಟರ್ ಹಾಕಿದಾಗ, ಸೋಪಿನ ಡಬ್ಬಿಗೆ ತೂತು ಮಾಡಿ ಒದ್ದೆ ಸ್ಪಂಜು ಹಿಂಡಿ ಪೆಟ್ಟಿಗೆಯಲ್ಲಿ ಇಡಿ. ತೇವ 45ರಿಂದ 55 ಪರ್ಸೆಂಟ್ ಇದ್ರೆ ಮರಕ್ಕೆ ಹಿತ.

ಈಗ ನನ್ನ ಲೆಕ್ಕ ಕೇಳಿ. ಹಳೇದೊಂದು ಚಪ್ಪಟೆ ಬೆನ್ನಿನ ಮ್ಯಾಂಡೊಲಿನ್ ಕೊಂಡೆ. ಪಟ್ಟಿ, ಕೈಯೊರಗು, ದಪ್ಪ ಪಿಕ್, ಲೈಟ್ ತಂತಿ. ಮೊದಲು ದಿನಕ್ಕೆ ಐದು ನಿಮಿಷ, ವಾರಕ್ಕೆ ಐದೈದು ನಿಮಿಷ ಜಾಸ್ತಿ. ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮ ಬಿಡಲಿಲ್ಲ. ಆಫೀಸಿನಲ್ಲೂ ಮೇಜಿನ ಚೂಪು ಅಂಚಿಗೆ ಮುಂಗೈ ಊರೋದನ್ನ ನಿಲ್ಲಿಸಿದೆ. ಅದೇ ಕೆಂಪು ಗೆರೆ ಅಲ್ಲೂ ಇತ್ತು ನೋಡಿ! ನಾಲ್ಕು ತಿಂಗಳಲ್ಲಿ ಜೋಮು ಹೋಯ್ತು. ಸಾಮಾನಿಂದಲೇ ವಾಸಿ ಆಯ್ತು ಅಂತ ನಾನು ಹೇಳಲ್ಲ. ಯಾರಿಗಾದ್ರೂ ಬೆರಳು ಮರಗಟ್ಟೋದು, ರಾತ್ರಿ ನೋವಿಗೆ ಎಚ್ಚರ ಆಗೋದು ಇದ್ರೆ ಮೊದಲು ಡಾಕ್ಟರ್ ಹತ್ರ ಹೋಗಿ. ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತೋರು, ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್ ಮಾಡೋರು, ಅಡುಗೆ ಮನೆಯಲ್ಲಿ ನಿಂತೇ ದುಡಿಯೋರು ಇಲ್ಲಿದ್ದೀರಿ. ನಮ್ಮ ಕೈಯೇ ನಮ್ಮ ಬಂಡವಾಳ. ಅದನ್ನ ಕಂಪನಿಗೆ ಅಂತ ಮಾತ್ರ ಜೋಪಾನ ಮಾಡಿದ್ರೆ ಏನು ಬಂತು? ಸ್ವಲ್ಪ ನಮಗೂ ಉಳಿಸಿಕೊಳ್ಳೋಣ.

ಅಪ್ಪನ ಬುರುಡೆ ಮ್ಯಾಂಡೊಲಿನ್ ಈಗ ಹಾಲ್‌ನಲ್ಲಿ ಇದೆ. ಅತಿ ತೆಳು ತಂತಿ ಹಾಕಿದ್ದೀನಿ, ಶ್ರುತಿ ಒಂದು ಸ್ವರ ಇಳಿಸಿದ್ದೀನಿ. ನನ್ನ ಒಂಬತ್ತು ವರ್ಷದ ಮಗಳು ಕಾಲ ಕೆಳಗೆ ಅಡುಗೆಮನೆ ಮಣೆ ಇಟ್ಟುಕೊಂಡು, ತೊಡೆ ಮೇಲೆ ಶ್ಯಾಮಿ ಚರ್ಮ ಹಾಸಿಕೊಂಡು, ಅಜ್ಜನ ತೆಂಗಿನ ಚಿಪ್ಪು ಹಿಡಿದು ನುಡಿಸ್ತಾಳೆ. ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಮ್ಮ ಕೇಳಿದ್ರು, 'ಸದ್ದು ಸ್ವಲ್ಪ ಬೇರೆ ಥರ ಇದೆಯಲ್ಲೋ?' ನಾನು 'ಇಲ್ಲಿನ ಹವೆ ಅಮ್ಮ' ಅಂದೆ. ಈ ಪತ್ರಿಕೆ ಅಚ್ಚಾದ ಮೇಲೆ ಒಂದು ಪ್ರತಿ ಅವರಿಗೆ ಕಳಿಸ್ತೀನಿ. ಸೀಳಿನ ವಿಷಯ ಅವರು ಓದಿಯೇ ತಿಳ್ಕೊಳ್ಳಲಿ.

ಮನೆಯಲ್ಲಿ ಮಂಚದ ಕೆಳಗೆ ಮ್ಯಾಂಡೊಲಿನ್ ಇಟ್ಟಿರೋರು ಮುಂದಿನ ಸಲ ತಗೊಂಡು ಬನ್ನಿ. ತಂತಿ ಎತ್ತರ ನಾನು ಅಳೆದು ಕೊಡ್ತೀನಿ, ಪಿಕ್ ಉಜ್ಜೋದಕ್ಕೆ ಮರಳು ಕಾಗದವೂ ನನ್ನದೇ. ಕಾಫಿ ಸಿದ್ಧ ಇದೆಯಂತೆ.